ತಾವರೆ ಬೇರೆ, ನೈದಿಲೆ ಬೇರೆ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೋಲಾರ ಚಿನ್ನದ ಗಣಿಯ ಸೀಮೆಯ ಪೇಟೆಬೀದಿಗಳಲ್ಲಿ ಒಂದೇ ಹೂವಿಗೆ ಮೂರು ಹೆಸರು ಕೇಳುತ್ತವೆ. ಕನ್ನಡದವರು ತಾವರೆ ಎನ್ನುತ್ತಾರೆ. ಗಣಿಯ ಲೈನುಮನೆಗಳಲ್ಲಿ ತಲೆಮಾರುಗಳಿಂದ ನೆಲೆನಿಂತ ತಮಿಳರ ಬಾಯಲ್ಲಿ ಅದು ತಾಮರೈ. ಆಂಧ್ರದ ಗಡಿಗೆ ಹೊಂದಿಕೊಂಡ ಹಳ್ಳಿಗಳ ತೆಲುಗಿನವರಿಗೆ ತಾಮರ. ಹೂವಾಡಗಿತ್ತಿಗೆ ಮೂರೂ ಬರುತ್ತವೆ. ಎದುರು ನಿಂತವರ ಮಾತು ಕೇಳಿ ಅವರ ಹೆಸರಿನಲ್ಲೇ ಬೆಲೆ ಹೇಳುತ್ತಾಳೆ. ಭಾಷಾಶಾಸ್ತ್ರದ ಗ್ರಂಥ ಬಿಡಿಸಿ ನೋಡಬೇಕಾದ ನಂಟಸ್ತಿಕೆಯೊಂದು ಬೇತಮಂಗಲ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಯ ಬೀದಿಗಳಲ್ಲಿ ದಿನವೂ ಕಿವಿಗೆ ಬೀಳುತ್ತದೆ.

ಈ ಮೂರರಲ್ಲಿ ಒಂದು ಇನ್ನೊಂದರಿಂದ ಕಡ ಬಂದದ್ದಲ್ಲ, ಮೂರೂ ಒಡಹುಟ್ಟುಗಳು. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ ಮೊದಲು ಅಚ್ಚಾದದ್ದು 1961ರಲ್ಲಿ, ಪರಿಷ್ಕೃತವಾಗಿ ಬಂದದ್ದು 1984ರಲ್ಲಿ. ತಮಿಳಿನ ತಾಮರೈ, ಮಲಯಾಳದ ತಾಮರ, ತುಳುವಿನ ತಾಮರೆ, ತೆಲುಗಿನ ತಾಮರ ಮತ್ತು ತಮ್ಮಿ, ಕನ್ನಡದ ತಾಮರೆ ಮತ್ತು ತಾವರೆ ಅದರಲ್ಲಿ ಒಟ್ಟಿಗೇ ಕೂತಿವೆ. ನಮ್ಮಲ್ಲಿ ಮಾತ್ರ ನಡುವಿನ ಮಕಾರ ಸಡಿಲಗೊಂಡು ವಕಾರವಾಯಿತು. ಇದು ಈ ಒಂದು ಪದಕ್ಕೆ ಬಂದ ಗತಿಯಲ್ಲ. ತಮಿಳಿನಲ್ಲಿ ಇಮೈ ಎನ್ನುವ ಕಣ್ಣರೆಪ್ಪೆ ಕನ್ನಡದಲ್ಲಿ ಎಮೆಯಾಗಿ, ಎವೆಯಾಯಿತು. ಸಂಸ್ಕೃತದ ಕುಮಾರ ಕುವರನಾದ, ಸೋಮಿದೇವ ಸೋವಿದೇವನಾದ. ಎರಡು ಸ್ವರಗಳ ನಡುವೆ ಸಿಕ್ಕ ಮಕಾರವನ್ನು ಕನ್ನಡದ ನಾಲಗೆ ಬಹಳ ಹಿಂದಿನಿಂದಲೂ ಹೀಗೆ ಮೆತ್ತಗೆ ಮಾಡಿಕೊಂಡು ಬಂದಿದೆ. ಊರಿನ ಹೆಸರೂ ಇಂಥದೇ ಸವೆತ ಕಂಡದ್ದು. ಶಾಸನಗಳ ವಿಜಯಾದಿತ್ಯಮಂಗಲವೇ ಇಂದಿನ ಬೇತಮಂಗಲ. ವಿದ್ಯೆ ಬಿಜ್ಜೆಯಾದ, ವನ ಬನವಾದ ದಾರಿಯಲ್ಲೇ ಮೊದಲಿನ ವಕಾರ ಬಕಾರವಾಗಿದೆ.

ಸಂಸ್ಕೃತವೂ ಈ ಪದವನ್ನು ಪಡೆದುಕೊಂಡಿತು. ಅಮರಕೋಶದಲ್ಲಿ ಕಮಲದ ಪರ್ಯಾಯಗಳ ಸಾಲಿನಲ್ಲಿ ತಾಮರಸ ಎಂಬುದೊಂದಿದೆ. ಅದರ ಅಕ್ಕಪಕ್ಕದ ಹೆಸರುಗಳನ್ನು ನೋಡಿ: ಪಂಕೇರುಹ, ಸರಸೀರುಹ. ಬಳಕೆಯ ಬೇರೆ ಹೆಸರುಗಳೂ ಅಂಥವೇ: ಪಂಕಜ, ಸರಸಿಜ, ಅಂಬುಜ. ಎಲ್ಲವೂ ಬಿಡಿಸಬಹುದಾದ ಹೆಸರುಗಳು. ಬಿಡಿಸಿದರೆ ಕೆಸರಲ್ಲಿ ಹುಟ್ಟಿದ್ದು, ಸರಸ್ಸಿನಲ್ಲಿ ಬೆಳೆದದ್ದು, ನೀರಿನಲ್ಲಿ ಹುಟ್ಟಿದ್ದು ಎಂದಾಗುತ್ತದೆ. ತಾಮರಸ ಆ ಬಗೆಯದಲ್ಲ. ಅದು ದಕ್ಷಿಣದ ನುಡಿಗಳಿಂದ ಹೋಗಿ ಅಲ್ಲಿ ನೆಲೆ ಕಂಡುಕೊಂಡ ಪದ.

ಬಿಡಿಸಬಹುದಾದ ಹೆಸರಿನಲ್ಲಿ ಒಂದು ತೊಡಕಿದೆ. ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜವಾದರೆ, ಅದೇ ಕೆಸರಿನಲ್ಲಿ ಹುಟ್ಟುವ ಕುಮುದ, ಅಂದರೆ ನಮ್ಮ ನೈದಿಲೆ, ಏಕೆ ಪಂಕಜವಲ್ಲ? ನ್ಯಾಯಶಾಸ್ತ್ರದ ಪಂಡಿತರು ಈ ಪ್ರಶ್ನೆಯನ್ನು ಗಂಭೀರವಾಗಿಯೇ ಎತ್ತಿಕೊಂಡು ಚರ್ಚಿಸಿದ್ದಾರೆ. ಪದದ ಬಿಡಿ ಅರ್ಥದ ಮೇಲೆ ರೂಢಿಯ ಮುದ್ರೆಯೂ ಬಿದ್ದಿರುವುದರಿಂದ ಪಂಕಜ ಎಂದರೆ ತಾವರೆ ಮಾತ್ರ ಎಂದು ಹೇಳಿ, ಇಂಥ ಪದಗಳಿಗೆ ಯೋಗರೂಢ ಎಂದು ಹೆಸರಿಟ್ಟರು. ತಾವರೆಗೆ ಈ ತೊಡಕಿಲ್ಲ. ಅದು ಎಲ್ಲಿ ಹುಟ್ಟಿತೆಂದು ಪದ ಹೇಳುವುದಿಲ್ಲ. ಗಿಡವನ್ನೇ ನೇರವಾಗಿ ಹೆಸರಿಸುತ್ತದೆ. ಅದರ ಪಕ್ಕದಲ್ಲೇ ನೈದಿಲೆ ಎಂಬ ಇನ್ನೊಂದು ಪದ, ಅಷ್ಟೇ ಹಳೆಯದು, ಅಷ್ಟೇ ಬಿಡಿಸಲಾಗದ್ದು, ಇನ್ನೊಂದು ಗಿಡವನ್ನು ಹಿಡಿದು ನಿಂತಿದೆ. ಒಂದೇ ನೀರಿನಲ್ಲಿ, ಒಂದೇ ಕೆಸರಿನಲ್ಲಿ, ದೂರಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ಗಿಡಗಳಿಗೆ ನಮ್ಮ ಹಿರಿಯರು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಹೆಸರು ಇಟ್ಟರು. ಈ ವಿವೇಕದ ಬೆಲೆ ತಿಳಿಯಬೇಕಾದರೆ ಯುರೋಪಿನ ಸಸ್ಯಶಾಸ್ತ್ರದ ಕಡೆಗೆ ಹೊರಳಬೇಕು. ಅದಕ್ಕೆ ಮೊದಲು ನೈದಿಲೆಯ ಹಿನ್ನೆಲೆ ನಾಲ್ಕು ಮಾತು.

ಹಳಗನ್ನಡದಲ್ಲಿ ಅದು ನೆಯ್ದಿಲ್. ತಮಿಳಿನಲ್ಲಿ ನೆಯ್ದಲ್. ಸಂಗಂ ಕಾವ್ಯದ ಐದು ತಿಣೈಗಳಲ್ಲಿ, ಅಂದರೆ ಭೂಭಾಗಗಳಲ್ಲಿ, ಕಡಲ ತೀರಕ್ಕೆ ಇರುವ ಹೆಸರು ನೆಯ್ದಲ್; ಬೆಟ್ಟಕ್ಕೆ ಕುರಿಂಜಿ, ಕಾಡಿಗೆ ಮುಲ್ಲೈ ಇರುವಂತೆ ತೀರದ ಹಿನ್ನೀರಿನಲ್ಲಿ ಅರಳುವ ನೀಲಿ ಹೂವೇ ಅಲ್ಲಿ ಇಡೀ ಭೂಭಾಗಕ್ಕೆ, ಅಲ್ಲಿನ ಬದುಕಿಗೆ, ಅಲ್ಲಿನ ವಿರಹಕ್ಕೆ ಹೆಸರಾಯಿತು. ಬೇತಮಂಗಲದ ಕೆರೆಗೂ ಆ ತೀರಕ್ಕೂ ನೀರಿನ ನಂಟೇ ಇದೆ. ಈ ಕೆರೆ ಪಾಲಾರಿನದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನಮ್ಮ ಜಿಲ್ಲೆಯಲ್ಲಿ ಹೊಳೆಯಾಗಿ ಹರಿಯುವುದಕ್ಕಿಂತ ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಇಳಿಯುವುದೇ ಹೆಚ್ಚು. ಬೇತಮಂಗಲದ ಏರಿ ಹತ್ತನೆಯ ಶತಮಾನದಲ್ಲಿ ನೊಳಂಬರ ಕಾಲಕ್ಕೇ ಒಡೆದು ಮತ್ತೆ ಕಟ್ಟಿಸಿಕೊಂಡದ್ದು. ಇಪ್ಪತ್ತನೆಯ ಶತಮಾನದ ಮೊದಲಿನಿಂದ ಇದೇ ಕೆರೆಯ ನೀರು ಶುದ್ಧಿಯಾಗಿ ಕೊಳವೆ ಹಿಡಿದು ಚಿನ್ನದ ಗಣಿಯ ಊರುಗಳಿಗೆ ಹೋಯಿತು. ಇಲ್ಲಿಂದ ಮುಂದೆ ಪಾಲಾರ್ ಆಂಧ್ರದ ಒಂದು ಅಂಚನ್ನು ಸೀಳಿ, ವಾಣಿಯಂಬಾಡಿ, ವೇಲೂರು ದಾಟಿ, ವಯಲೂರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಮೇಲೆ ಹೂವಿನ ಹೆಸರಾದದ್ದು ಕೆಳಗೆ ಕಡಲ ದಂಡೆಯ ಹೆಸರು.

ಇನ್ನು ಯುರೋಪು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್, ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರ ಮತ್ತು ಕೊಂಕಣಿ ಪಂಡಿತರ ತಿಳಿವಳಿಕೆಯಿಂದ ಮಾಡಿಸಿದ ‘ಹೊರ್ತುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಹನ್ನೊಂದನೆಯ ಸಂಪುಟದಲ್ಲಿ ನೀರಿನ ಗಿಡಗಳಿವೆ. ಅಲ್ಲಿ ‘ತಾಮರ’ ಮತ್ತು ‘ಬೆಂ-ತಾಮರ’ ಒಂದು ಕಡೆ, ‘ಆಂಬೆಲ್’ ಮತ್ತು ‘ಚಿತ್ತಾಂಬೆಲ್’ ಇನ್ನೊಂದು ಕಡೆ. ಬೆಂ-ತಾಮರ ಎಂದರೆ ಮಲಯಾಳದ ವೆಣ್‌ತಾಮರ, ನಮ್ಮ ಬೆಳ್ದಾವರೆ. ಆಂಬೆಲ್ ಎಂದರೆ ಆಂಬಲ್, ನಮ್ಮ ನೈದಿಲೆಯ ಬಳಗ. ನಾಟಿ ವೈದ್ಯರು ಹೇಳಿದ ಹಾಗೆ ಎರಡು ಗುಂಪು, ಎರಡು ಹೆಸರು, ಬೇರೆ ಬೇರೆ ಚಿತ್ರ.

ಅರವತ್ತು ವರ್ಷಗಳ ಮೇಲೆ ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಜಗತ್ತಿನ ಸಸ್ಯಗಳಿಗೆಲ್ಲ ಜೋಡಿ ಹೆಸರು ಕೊಟ್ಟ ಪುಸ್ತಕ ಹೊರತಂದ. ರೀಡನ ಸಂಪುಟಗಳು ಅವನ ಕೈಗೆ ಸಿಕ್ಕಿದ್ದವು. ಆದರೂ ಅವನು ತಾವರೆಯನ್ನೂ ನೈದಿಲೆಯನ್ನೂ ‘ನಿಂಫೀಯ’ ಎಂಬ ಒಂದೇ ಕುಲಕ್ಕೆ ಸೇರಿಸಿ, ತಾವರೆಗೆ ‘ನಿಂಫೀಯ ನೆಲುಂಬೊ’ ಎಂದು ಹೆಸರಿಟ್ಟ. ಕಾರಣ ಊಹಿಸಲಾಗದ್ದಲ್ಲ. ಹೂವಿನ ಕೇಸರಗಳನ್ನೂ ಶಲಾಕೆಗಳನ್ನೂ ಎಣಿಸಿ ವರ್ಗ ಮಾಡುವುದು ಲಿನೇಯಸನ ವಿಧಾನ. ಕೇಸರ ಲೆಕ್ಕವಿಲ್ಲದಷ್ಟು, ಎಸಳು ಹಲವಾರು, ಬಾಳು ನೀರಿನಲ್ಲಿ. ಎಣಿಕೆಯಲ್ಲಿ ಎರಡೂ ಒಂದೇ ಎನಿಸಿದವು. ಹತ್ತೇ ವರ್ಷಕ್ಕೆ, 1763ರಲ್ಲಿ, ಫ್ರಾನ್ಸಿನ ಮಿಷೆಲ್ ಅದಾನ್ಸೊನ್ ತಾವರೆಯನ್ನು ಬಿಡಿಸಿ ‘ನೆಲುಂಬೊ’ ಎಂಬ ಪ್ರತ್ಯೇಕ ಕುಲ ಮಾಡಿದ. ಆ ಹೆಸರು ಸಿಂಹಳದ್ದು. ಸಿಂಹಳೀಯರು ತಾವರೆಯನ್ನು ನೆಲುಂ ಎನ್ನುತ್ತಾರೆ. ತಾಮರ ಎಂಬ ಪದ ಲಿನೇಯಸನ ಹೊಸ್ತಿಲವರೆಗೆ ಹೋಗಿದ್ದೂ ಶಾಸ್ತ್ರದ ಹೆಸರಾಗುವ ಭಾಗ್ಯ ಲಂಕೆಯ ಪದಕ್ಕೆ ಬಂತು. ಇದರಲ್ಲಿ ನನಗೆ ಬೇಸರವಿಲ್ಲ. ನಮ್ಮವರು ಬೇರೆ ಮಾಡಿದ್ದನ್ನು ಶಾಸ್ತ್ರ ಬೇರೆ ಮಾಡಿತಲ್ಲ, ಅದು ದೊಡ್ಡದು.

ಬೇರೆ ಮಾಡಿದ್ದು ಯಾವ ಆಧಾರದ ಮೇಲೆ ಎಂಬುದನ್ನು ಯಾರು ಬೇಕಾದರೂ ಮನೆಯ ಜಗಲಿಯಲ್ಲಿ ಕೂತು ನೋಡಬಹುದು. ಹಬ್ಬ ಮುಗಿದ ಮೇಲೆ ಬಾಡುವ ತಾವರೆಯೊಂದು ಸಾಕು, ಜೊತೆಗೆ ಕೆರೆಯಂಚಿನ ನೈದಿಲೆಯೊಂದು, ಈಳಿಗೆಮಣೆ ಒಂದು.

ತಾವರೆಯ ಎಸಳುಗಳನ್ನು ಕಿತ್ತುಹಾಕಿ. ಅದರೊಳಗೆ ನೂರಾರು ಹಳದಿ ಕೇಸರಗಳು, ಪ್ರತಿಯೊಂದರ ತುದಿಯಲ್ಲೂ ಬೆಳ್ಳನೆಯ ಚಿಕ್ಕದೊಂದು ಕುಡಿ. ಅವನ್ನೂ ಕೆಡವಿದರೆ ಉಳಿಯುವುದು ತಲೆಕೆಳಗಾದ ಶಂಕುವಿನಂಥ ಮೆದುವಾದ ಪೀಠ. ಸಂಸ್ಕೃತ ಕೋಶಗಳು ಇದನ್ನು ಕರ್ಣಿಕೆ, ಬೀಜಕೋಶ, ವರಾಟಕ ಎಂದು ಹೆಸರಿಸಿವೆ. ಬ್ರಹ್ಮ ಕುಳಿತದ್ದು ಇದರ ಮೇಲೆಯೇ. ಕರ್ಣಿಕೆಯ ಮೇಲ್ಮೈಯಲ್ಲಿ ಕುಳಿಗಳು, ಒಂದೊಂದು ಕುಳಿಯಲ್ಲೂ ಒಂದೊಂದು ಅಂಡಾಶಯ. ಪ್ರತಿಯೊಂದಕ್ಕೂ ತನ್ನದೇ ತುದಿಯುಂಟು, ಆ ತುದಿ ಮಾತ್ರ ಕುಳಿಯಿಂದ ಹೊರಗೆ ಇಣುಕುತ್ತದೆ. ಒಂದು ಅಂಡಾಶಯ ಪಕ್ಕದ್ದನ್ನು ಎಲ್ಲೂ ಮುಟ್ಟುವುದಿಲ್ಲ. ಮುಂದೆ ಪೀಠ ಬಲಿತು ಗಟ್ಟಿಯಾದಾಗ ಒಂದೊಂದು ಕುಳಿಯಲ್ಲಿ ಒಂದೊಂದು ಗಟ್ಟಿ ಕಾಯಿ ಅಲ್ಲಾಡುತ್ತದೆ. ನಾವು ತಾವರೆಬೀಜ ಎನ್ನುವುದು ಅದನ್ನೇ.

ಈಗ ನೈದಿಲೆ. ಹೊರಗಡೆ ನಾಲ್ಕು ಹಸಿರು ರಕ್ಷಾದಳ. ಒಳಗೆ ಎಸಳುಗಳು ಕ್ರಮೇಣ ಸಣ್ಣದಾಗುತ್ತ, ಕಿರಿದಾಗುತ್ತ, ಕೇಸರಗಳ ಕಡೆಗೆ ಸಾಗುತ್ತವೆ. ನಡುವೆ ಕರ್ಣಿಕೆ ಇಲ್ಲ. ಅಡ್ಡ ಕೊಯ್ದರೆ ಕಿತ್ತಳೆಯ ತೊಳೆಗಳಂತೆ ಸುತ್ತಲೂ ಕೋಣೆಗಳುಳ್ಳ ಒಂದೇ ಅಂಡಾಶಯ ಕಾಣುತ್ತದೆ. ಕೋಣೆಯ ಗೋಡೆಗೆಲ್ಲ ತೀರ ಸಣ್ಣ ಬೀಜಗಳು. ಎಸಳು, ಕೇಸರಗಳು ಅಂಡಾಶಯದ ಪಕ್ಕೆಗೇ ಅಂಟಿ ಹುಟ್ಟಿವೆ. ಮೇಲೆ ಪರಾಗ ಹಿಡಿಯುವ, ಬಟ್ಟಲಿನಂಥ ಒಂದೇ ಶಲಾಕಾಗ್ರ. ಅರಳಿದ ಮೊದಲ ದಿನ ಆ ಬಟ್ಟಲಲ್ಲಿ ರಸ ತುಂಬಿರುತ್ತದೆ. ಹುಳು ಅದರಲ್ಲಿ ಜಾರಿ ಬಿದ್ದು ಮೈಗಂಟಿದ ಪರಾಗವನ್ನು ತೊಳೆದುಕೊಳ್ಳುತ್ತದೆ, ಕೆಲವು ಅಲ್ಲೇ ಮುಳುಗಿ ಸಾಯುತ್ತವೆ. ಹೂ ಮುಗಿದ ಮೇಲೆ ಕಾಯಿ ನೀರೊಳಗೆ ಇಳಿದು ಅಲ್ಲಿ ಬಲಿಯುತ್ತದೆ. ತಾವರೆಯ ಕಾಯಿಪೀಠ ಗಾಳಿಯಲ್ಲಿ ತಲೆ ಎತ್ತಿಯೇ ಬಲಿಯುತ್ತದೆ.

ಇಷ್ಟು ನೋಡಿದವರಿಗೆ ಎರಡೂ ಒಂದೇ ಕುಲ ಎನ್ನಲು ಬಾಯಿ ಬಾರದು. ಇನ್ನೂ ಹತ್ತಿರದಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಪರಾಗದ ಕಣದಲ್ಲೇ ಅಂತರ ಕಂಡಿತು. ನೈದಿಲೆಯ ಬಳಗದ್ದು ಒಂಟಿ ದ್ವಾರದ ಕಣ, ತಾವರೆಯದು ಮೂರು ಸೀಳಿನದು. ಮೂರು ಸೀಳು ಎಂಬುದು ಹೂ ಬಿಡುವ ಗಿಡಗಳ ಒಂದು ದೊಡ್ಡ ಶಾಖೆಯ ಗುರುತು. ಮಾವು, ಬೇವು, ಹುಣಸೆ, ಅವರೆ, ಬದನೆ ಎಲ್ಲ ಆ ಶಾಖೆಗೆ ಸೇರಿದವು. ನೈದಿಲೆ ಆ ಶಾಖೆ ಕವಲೊಡೆಯುವುದಕ್ಕೆ ಎಷ್ಟೋ ಮೊದಲೇ ಬೇರೆಯಾದದ್ದು.

ಇಲ್ಲಿ ನಮ್ಮ ಸೀಮೆಯ ನಂಟಿನ ಒಬ್ಬರನ್ನು ನೆನೆಯಲೇಬೇಕು. ಬೇತಮಂಗಲದಿಂದ ಮುಳಬಾಗಿಲು ದೂರವಲ್ಲ. ಡಿ.ವಿ.ಜಿ. 1887ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ. ಅವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯಗಳ ಒಳರಚನೆಯನ್ನು ಜೀವಮಾನದ ಕೆಲಸ ಮಾಡಿಕೊಂಡವರು. ಹಾರ್ವರ್ಡಿನ ಐ.ಡಬ್ಲ್ಯು. ಬೇಯ್ಲಿ ಅವರೊಂದಿಗೆ ಸ್ವಾಮಿ 1951ರಲ್ಲಿ ಪ್ರಕಟಿಸಿದ ಪ್ರಬಂಧದ ವಸ್ತು ಅಂಡಾಶಯ ಮೊದಲಿಗೆ ಹೇಗೆ ರೂಪುಗೊಂಡಿತು ಎಂಬುದು. ಉದ್ದಕ್ಕೆ ನಡುವೆ ಮಡಿಸಿದ ಎಲೆ, ಅಂಚುಗಳು ಪೂರ್ತಿ ಬೆಸೆದುಕೊಂಡಿಲ್ಲ, ಪರಾಗ ಹಿಡಿಯುವ ಭಾಗ ತುದಿಯಲ್ಲಿ ಗಂಟುಕಟ್ಟದೆ ಅಂಚಿನುದ್ದಕ್ಕೂ ಹರಡಿದೆ. ಪ್ರಾಚೀನ ಅಂಡಾಶಯದ ರೂಪ ಇಂಥದು ಎಂದು ಅವರು ಬದುಕಿರುವ ಗಿಡಗಳ ಹೂಗಳನ್ನು ಸೀಳಿ ತೋರಿಸಿದರು. ಇಂದಿಗೂ ಆ ಪ್ರಬಂಧವನ್ನು ಉಲ್ಲೇಖಿಸದೆ ಅಂಡಾಶಯದ ಹುಟ್ಟಿನ ಚರ್ಚೆ ನಡೆಯುವುದು ಅಪರೂಪ. ಅದರ ಹಿಂದಿನ ವರ್ಷ ಸಾರ್ಕಾಂಡ್ರ ಎಂಬ ಗಿಡದ ಕಟ್ಟಿಗೆಯಲ್ಲಿ ನೀರು ಸಾಗಿಸುವ ವಾಹಿನಿಗಳೇ ಇಲ್ಲವೆಂದು ವರದಿ ಮಾಡಿದವರೂ ಈ ಇಬ್ಬರೇ. ಅದೇ ಸ್ವಾಮಿ ಕನ್ನಡದಲ್ಲಿ ‘ಹಸುರು ಹೊನ್ನು’ ಬರೆದರು. ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗಿಡವನ್ನು ಕಂಡೊಡನೆ ಹೆಸರು ಹೇಳುವುದಲ್ಲ, ಹೂವನ್ನು ಬಿಡಿಸಿ ನೋಡಿ ಹೇಳುವುದು ಎಂಬ ಶಿಸ್ತನ್ನು ಕನ್ನಡದ ಓದುಗರಿಗೆ ರುಚಿ ಹತ್ತಿಸಿದ ಪುಸ್ತಕ ಅದು. ಸಸ್ಯಶಾಸ್ತ್ರ ಓದದವರೂ ಅದನ್ನು ಓದಿ ಕೈಗೆ ಸಿಕ್ಕ ಹೂವಿನ ಕೇಸರ ಎಣಿಸತೊಡಗಿದ್ದನ್ನು ನಾನು ಬಲ್ಲೆ.

ಅಂಗರಚನೆ ‘ತಾವರೆ ನೈದಿಲೆಯಲ್ಲ’ ಎಂದಷ್ಟೇ ಹೇಳಿತು. ಹಾಗಾದರೆ ತಾವರೆ ಯಾರ ಬಂಧು? ಉತ್ತರ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ, ವಂಶವಾಹಿಗಳನ್ನು ಓದುವ ವಿದ್ಯೆ ಕೈಗೆ ಬಂದ ಮೇಲೆ. 1993ರಲ್ಲಿ ನೂರಾರು ಗಿಡಗಳ ಒಂದು ವಂಶವಾಹಿಯನ್ನು ಹೋಲಿಸಿ ನೋಡಿದಾಗ ತಾವರೆ ಹೋಗಿ ಕುಳಿತದ್ದು ಒಣನೆಲದ ಮರಗಳ ಮಗ್ಗುಲಲ್ಲಿ. 1998ರ ಹೊಸ ವರ್ಗೀಕರಣ ಅದನ್ನೇ ಒಪ್ಪಿತು. ಕಾಶ್ಮೀರದ ಚಿನಾರ್ ಮರ ತಾವರೆಯ ನಂಟ. ನಮ್ಮ ತೋಟದಂಚಿನಲ್ಲಿ, ಕಾಫಿ ಗಿಡಗಳ ನಡುವೆ ನೆರಳಿಗೆ ನಿಲ್ಲಿಸಿದ ಸಿಲ್ವರ್ ಓಕ್ ತಾವರೆಯ ನಂಟ. ಕೆರೆಯ ಏರಿಯಿಂದಾಚೆ ಹೊಲದ ಬದುವಿನಲ್ಲಿ ಒಂದು ಸಿಲ್ವರ್ ಓಕ್ ಇದ್ದರೆ, ಪಕ್ಕದಲ್ಲೇ ತೇಲುವ ನೈದಿಲೆಗಿಂತ ದೂರದ ಆ ಮರವೇ ತಾವರೆಗೆ ಹತ್ತಿರದ್ದು. ನೈದಿಲೆಯೋ, ಹೂ ಬಿಡುವ ಸಸ್ಯಕುಲದ ಬುಡದಲ್ಲೇ ಕವಲೊಡೆದ ಹಳೆಯ ಮನೆತನ. ನ್ಯೂ ಕ್ಯಾಲಿಡೋನಿಯ ದ್ವೀಪದ ಆಂಬೊರೆಲ್ಲ ಎಂಬ ಪೊದೆಯನ್ನು ಬಿಟ್ಟರೆ ಅದರಷ್ಟು ಮೊದಲು ಬೇರೆಯಾದ ಬಳಗ ಉಳಿದಿಲ್ಲ ಎಂದು 1999ರಲ್ಲಿ ಹಲವು ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡವು. ಹೂವನ್ನು ಎಷ್ಟು ಬಿಡಿಸಿ ನೋಡಿದರೂ ತಾವರೆಯೊಳಗೆ ಸಿಲ್ವರ್ ಓಕ್ ಕಾಣುತ್ತಿರಲಿಲ್ಲ, ಇದನ್ನು ಒಪ್ಪಬೇಕು. ಆದರೆ ನೈದಿಲೆಯಿಂದ ಅದನ್ನು ಬೇರ್ಪಡಿಸಿದ್ದು ಹೂವೇ. ಕೋಟ್ಯಂತರ ವರ್ಷ ಒಂದೇ ನೀರಿನಲ್ಲಿ ಬಾಳಿದ್ದರಿಂದ ಹೊರಗೆ ಹೋಲಿಕೆ ಬಂತು, ಒಳಗೆ ಬರಲಿಲ್ಲ.

ಹಾಗಾದರೆ ಸೂಕ್ಷ್ಮದರ್ಶಕವಿಲ್ಲದ ನಮ್ಮ ಹಿರಿಯರು ಇದನ್ನು ಹೇಗೆ ಕಂಡರು? ಕೈಯಿಂದ ಕಂಡರು ಎಂಬುದು ನನ್ನ ಉತ್ತರ. ತಾವರೆಯ ಎಲೆಯಲ್ಲಿ ಊಟ ಮಾಡಿದರು. ಅದು ಸೀಳಿಲ್ಲದ ದುಂಡೆಲೆ, ನೀರು ಅಂಟದ್ದು, ದಂಟು ನಡುವಿಗೆ ಸೇರುವುದು. ನೈದಿಲೆಯ ಎಲೆಗೆ ಒಂದು ಕಡೆ ಸೀಳಿದೆ. ತಾವರೆಯ ದಂಟು ಮುರಿದು ನೂಲೆಳೆದರು. ಕರ್ಣಿಕೆಯ ಕುಳಿಯಿಂದ ಹಸಿಬೀಜ ಬಿಡಿಸಿ ತಿಂದರು. ನೈದಿಲೆಯ ಗೆಡ್ಡೆ ಅಗೆದು ಬೇಯಿಸಿದರು. ಹೀಗೆ ಗಿಡದ ಒಳಗೆ ಕೈ ಹಾಕಿದವರಿಗೆ ಎರಡು ಹೆಸರು ಬೇಕೇ ಬೇಕಾಯಿತು. ಕೈ ಹಾಕುವುದು ಬಿಟ್ಟ ಮೇಲೆ, ದಡದಿಂದಲೋ ಪುಸ್ತಕದಿಂದಲೋ ನೋಡತೊಡಗಿದ ಮೇಲೆ ಹೆಸರುಗಳು ಜಾರಿದವು. ಜಾರಿದ ಕಡೆಗಳನ್ನೂ ಹೇಳಬೇಕು.

ಮೊದಲ ಜಾರುವಿಕೆ ಕವಿಗಳದು. ಸೂರ್ಯ ತಾವರೆಯ ಗೆಳೆಯ, ಚಂದ್ರ ನೈದಿಲೆಯ ಗೆಳೆಯ ಎಂಬ ಕವಿಸಮಯ ಕನ್ನಡ ಕಾವ್ಯದಲ್ಲಿ ಬೇರೂರಿದೆ. ಬಿಳಿಯ ನೈದಿಲೆಯ ಮಟ್ಟಿಗೆ ಅದು ಕೆರೆಯ ಸತ್ಯ; ಎಲೆಯಂಚು ಹಲ್ಲುಹಲ್ಲಾಗಿ, ಎಲೆಯಡಿ ನವಿರಾದ ರೋಮ ಇರುವ ಆ ಜಾತಿ ಸಂಜೆಗೆ ಅರಳಿ ಮರುದಿನ ಬಿಸಿಲೇರಿದಾಗ ಮುಚ್ಚುತ್ತದೆ. ಕನ್ನೈದಿಲೆಯದು ಬೇರೆ ಕ್ರಮ. ಕರಿದು ಎಂಬುದು ನೆಯ್ದಿಲಿಗೆ ಕೂಡಿ ಆದ ಈ ಪದ ಹೆಸರಿಸುವ ನೀಲಿ ಹೂ ಬೆಳಗ್ಗೆ ಅರಳಿ ಮಧ್ಯಾಹ್ನ ಕಳೆಯುವ ಹೊತ್ತಿಗೆ ಮುಚ್ಚುವಂಥದು. ಅದರ ಗೆಳೆಯ ಸೂರ್ಯನೇ. ಹೆನ್ರಿ ಕೊನಾರ್ಡ್ 1905ರಲ್ಲಿ ನೈದಿಲೆಗಳ ಮೇಲೆ ಬರೆದ ದೊಡ್ಡ ಗ್ರಂಥವನ್ನು ನೋಡಿದರೆ ಈ ಎರಡರ ಒಳಗೂ ಬೇರೆ ಬೇರೆ. ಕನ್ನೈದಿಲೆಯ ಗುಂಪಿನಲ್ಲಿ ಅಂಡಾಶಯದ ಕೋಣೆಗಳ ಪಕ್ಕದ ಗೋಡೆಗಳು ಒಂದಕ್ಕೊಂದು ಬೆಸೆದಿಲ್ಲ, ಕೇಸರದ ತುದಿಯಲ್ಲಿ ಎಸಳಿನ ಬಣ್ಣದ ಕುಡಿಯೊಂದು ಚಾಚಿರುತ್ತದೆ. ರಾತ್ರಿ ಅರಳುವ ಗುಂಪಿನಲ್ಲಿ ಗೋಡೆಗಳು ಬೆಸೆದಿವೆ, ಕೇಸರಕ್ಕೆ ಕುಡಿಯಿಲ್ಲ. ಹಳಗನ್ನಡ ಕನ್ನೈದಿಲೆಗೆ ಬೇರೆ ಹೆಸರು ಕೊಟ್ಟು ಸರಿಯಾದದ್ದನ್ನೇ ಮಾಡಿತ್ತು. ಕವಿಸಮಯ ಅದನ್ನು ಮತ್ತೆ ಬೆಳದಿಂಗಳಿಗೆ ಎಳೆದು ತಂದಿತು. ನೀಲಕಮಲ ಎಂಬ ಇನ್ನೊಂದು ಪದವೂ ಹೀಗೆ ದಾರಿ ತಪ್ಪಿಸುವಂಥದು. ಏಷ್ಯದ ತಾವರೆ ಕೆಂಪು ಛಾಯೆಯದು ಇಲ್ಲವೇ ಬಿಳಿ, ಅಮೆರಿಕದ್ದು ಹಳದಿ. ನೀಲಿ ತಾವರೆ ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ ಅರಳುವ ಹೂ. ಕೆರೆಯಲ್ಲಿ ನೀಲಿ ಕಂಡರೆ ಅದು ಕನ್ನೈದಿಲೆ, ತೆಲುಗಿನವರ ನಲ್ಲಕಲುವ.

ಎರಡನೆಯದು ಮೈಮೇಲಿನ ತಾವರೆ. ತೆಲುಗಿನಲ್ಲಿ ತಾಮರ ಎಂದರೆ ಹೂವೂ ಹೌದು, ಚರ್ಮದ ಮೇಲೆ ದುಂಡಗೆ ಹಬ್ಬುವ ಹುಳುಕಡ್ಡಿಯೂ ಹೌದು. ತಮಿಳಿನಲ್ಲಿ ಅದು ಪಡರ್‌ತಾಮರೈ, ಹರಡುವ ತಾವರೆ. ಕೆರೆಯ ಮೇಲೆ ದುಂಡೆಲೆಗಳು ಒಂದರ ಪಕ್ಕ ಒಂದು ಹಬ್ಬುವುದನ್ನು ದಿನವೂ ಕಂಡವರು ಇಟ್ಟ ಹೆಸರು. ಇದನ್ನು ನಾನು ತಪ್ಪೆನ್ನಲಾರೆ.

ಅಂತರಗಂಗೆಯದು ಹೆಚ್ಚು ಸ್ವಾರಸ್ಯದ ಕತೆ. ಕೋಲಾರದವರಿಗೆ ಅಂತರಗಂಗೆ ಎಂದರೆ ಮೊದಲು ನೆನಪಾಗುವುದು ಊರ ಪಕ್ಕದ ಬೆಟ್ಟ, ಅಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರು. ಅದೇ ಹೆಸರು ಬೇರನ್ನು ನೆಲಕ್ಕೆ ಊರದೆ ನೀರಿನಲ್ಲಿ ಇಳಿಬಿಟ್ಟುಕೊಂಡು ತೇಲುವ, ಎಲೆಕೋಸಿನ ರೂಪದ ಗಿಡಕ್ಕೂ ಇದೆ. ಇದನ್ನೇ ತೆಲುಗಿನವರು ಅಂತರತಾಮರ, ತಮಿಳರು ಆಗಾಯತ್ತಾಮರೈ, ಆಕಾಶತಾವರೆ, ಎಂದರು. ಎಲೆಗಳು ಎಸಳಿನಂತೆ ಸುತ್ತುವರಿದದ್ದನ್ನು ಕಂಡು ತಾವರೆ ಎಂದುಬಿಟ್ಟದ್ದು. ಅದರ ನಿಜವಾದ ಹೂ ಎಲೆಗಳ ಬುಡದಲ್ಲಿ ಅಡಗಿದೆ, ಹುಡುಕಿದರಷ್ಟೇ ಸಿಗುತ್ತದೆ: ಬೆಳ್ಳನೆಯ ಚಿಕ್ಕ ಹಾಳೆಯೊಂದರ ಒಳಗೆ ಕೆಳಗೆ ಒಂಟಿ ಅಂಡಾಶಯ, ಮೇಲೆ ಕೆಲವೇ ಗಂಡು ಹೂಗಳ ಬಳೆ. ಕೆಸುವಿನ ಹೂವನ್ನೋ ಸುವರ್ಣಗೆಡ್ಡೆಯ ಹೂವನ್ನೋ ನೋಡಿದವರು ಈ ಕಟ್ಟನ್ನು ಥಟ್ಟನೆ ಗುರುತಿಸುತ್ತಾರೆ. ಅಂತರಗಂಗೆ ಕೆಸುವಿನ ಮನೆತನದ್ದು, ತಾವರೆಗೂ ಅದಕ್ಕೂ ಏನೂ ಇಲ್ಲ. ದಕ್ಷಿಣ ಅಮೆರಿಕದಿಂದ ಬಂದು ಕೆರೆಗಳನ್ನು ಮುಚ್ಚಿದ ನೇರಳೆ ಹೂವಿನ ಕಳೆಗೂ ಈಚೆಗೆ ಪತ್ರಿಕೆಗಳು ಇದೇ ಅಂತರಗಂಗೆಯ ಹೆಸರನ್ನು, ಅತ್ತ ತಮಿಳಿನಲ್ಲಿ ಆಗಾಯತ್ತಾಮರೈ ಎಂಬುದನ್ನು, ಹಚ್ಚುತ್ತಿವೆ. ಆರು ಎಸಳು, ಮೇಲಿನ ಎಸಳಿನಲ್ಲಿ ಹಳದಿ ಕಣ್ಣು ಇರುವ ಆ ಹೂವನ್ನು ಒಮ್ಮೆ ನೋಡಿದವರು ಎರಡನ್ನೂ ಒಂದೆನ್ನಲಾರರು. ಹೆಸರು ಒಂದಾದರೆ ಕಳೆ ಕೀಳುವವರೂ ಎರಡನ್ನೂ ಒಂದೇ ಎಂದು ಎಣಿಸುತ್ತಾರೆ.

ಜೊಂಡು ಎಂಬ ಪದದ ಪಾಡೂ ಇದೇ. ದಡದಲ್ಲಿ ನೆಟ್ಟಗೆ ನಿಂತದ್ದೆಲ್ಲ ಜೊಂಡು. ಅದರಲ್ಲಿ ಆಪು ಇದೆ, ಜೇಕು ಇದೆ, ಲಾಳಕಡ್ಡಿ ಇದೆ. ಒಂದೇ ಕಡ್ಡಿಯಲ್ಲಿ ಮೇಲೆ ಗಂಡು ಹೂ, ಕೆಳಗೆ ಹೆಣ್ಣು ಹೂಗಳ ಕಂದುಬಣ್ಣದ ಉರುಳೆ ಇದ್ದರೆ ಆಪು. ಒಂದೊಂದು ಕಿರುಹೂವೂ ಒಂದೇ ಹೊಟ್ಟಿನ ಕಂಕುಳಲ್ಲಿ ಕೂತಿದ್ದರೆ ಜೇಕಿನ ಬಳಗ. ಎರಡು ಹೊಟ್ಟುಗಳ ನಡುವೆ ಸೇರಿಕೊಂಡಿದ್ದರೆ ಹುಲ್ಲಿನ ಬಳಗ, ಲಾಳಕಡ್ಡಿ ಅದರದ್ದು. ಹೂ ಬರುವವರೆಗೆ ಜೇಕುಗಳ ಜಾತಿ ಹೇಳಲು ಪಳಗಿದ ಸಸ್ಯಶಾಸ್ತ್ರಜ್ಞರೂ ಹಿಂಜರಿಯುತ್ತಾರೆ.

ಕೊನೆಯ ಜಾರುವಿಕೆ ನಮ್ಮ ಅಡುಗೆಮನೆಯದು, ತೀರ ಈಚಿನದು. ಅಂಗಡಿಗಳಲ್ಲಿ ಮಖಾನ ಎಂಬ ಬೆಳ್ಳನೆಯ ಅರಳನ್ನು ತಾವರೆಬೀಜ, ಕಮಲದ ಬೀಜ ಎಂದು ಮಾರುತ್ತಾರೆ. ಅದು ಬಿಹಾರದ ಕೊಳಗಳಲ್ಲಿ ಬೆಳೆಯುವ ಮುಳ್ಳುಗಿಡದ ಬೀಜ. ಮಿಥಿಲೆಯ ಮಖಾನಕ್ಕೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಹೂ ಸೀಳಿದರೆ ಕರ್ಣಿಕೆ ಇಲ್ಲ, ಎಸಳುಗಳ ಕೆಳಗೆ ಹುದುಗಿದ ಒಂದೇ ಅಂಡಾಶಯ, ಅದರೊಳಗೆ ಕೋಣೆಗಳು. ಅದು ನೈದಿಲೆಯ ಮನೆಯದು. ನಿಜವಾದ ತಾವರೆಬೀಜ ಹೀಗೆ ಅರಳಾಗುವಂಥದಲ್ಲ. ಅದರ ಸಿಪ್ಪೆ ಎಷ್ಟು ಬಿಗಿಯೆಂದರೆ ಚೀನಾದ ಒಣಗಿದ ಕೆರೆಯೊಂದರ ತಳದಲ್ಲಿ ಸಿಕ್ಕ, ಸುಮಾರು 1300 ವರ್ಷ ಹಳೆಯ ಬೀಜ ಮೊಳೆತದ್ದು 1995ರಲ್ಲಿ ವರದಿಯಾಗಿದೆ. ಬರಗಾಲದ ಸೀಮೆಯವರಾದ ನಮಗೆ ಈ ಸಂಗತಿ ಮನಸ್ಸಿಗೆ ಹತ್ತಿರದ್ದು. ವರ್ಷಗಟ್ಟಲೆ ಬತ್ತಿದ ಕೆರೆಗೆ ನೀರು ಬಂದ ಮೇಲೆ ತಾವರೆ ಎದ್ದರೆ ಅದನ್ನು ಯಾರೂ ತಂದು ನೆಟ್ಟಿರಬೇಕಾಗಿಲ್ಲ.

ತಾವರೆ, ನೈದಿಲೆ ಎಂಬ ಎರಡು ಪದಗಳನ್ನು ಕನ್ನಡ ಬೆರೆಸದೆ ಇಲ್ಲಿಯವರೆಗೆ ತಂದಿದೆ. ಈಗ ಎಲ್ಲಕ್ಕೂ ಕಮಲ, ಇಲ್ಲವೇ ಎಲ್ಲಕ್ಕೂ ಲಿಲ್ಲಿ ಎನ್ನುವ ರೂಢಿ ಬಲಿಯುತ್ತಿದೆ. ಶಾಲೆಯ ಚಿತ್ರಪಟದಲ್ಲೂ ನೈದಿಲೆಯ ಚಿತ್ರದ ಕೆಳಗೆ ಕಮಲ ಎಂದು ಅಚ್ಚಾಗಿರುವುದನ್ನು ಕಂಡಿದ್ದೇನೆ. ಬೇತಮಂಗಲ, ಬಂಗಾರಪೇಟೆ, ಮುಳಬಾಗಿಲ ಕಡೆಯ ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಮಳೆ ಬಂದು ಕೆರೆ ತುಂಬಿದ ವರ್ಷ ಮಕ್ಕಳನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ. ತಾವರೆ ಒಂದು, ನೈದಿಲೆ ಒಂದು ತರಿಸಿ, ಅವರ ಕೈಯಿಂದಲೇ ಬಿಡಿಸಿ. ಮನೆಯಲ್ಲಿ ಕನ್ನಡ ಆಡುವ, ತೆಲುಗು ಆಡುವ, ತಮಿಳು ಆಡುವ ಮಕ್ಕಳು ಒಂದೇ ತರಗತಿಯಲ್ಲಿ ಕೂತಿರುವ ಊರು ಇದು. ಒಳಗೆ ಕಂಡದ್ದನ್ನು ಬರೆದು, ಪಕ್ಕದಲ್ಲಿ ಪ್ರತಿಯೊಬ್ಬರೂ ಅಜ್ಜಿಯನ್ನು ಕೇಳಿ ಬಂದ ಹೆಸರನ್ನು ಬರೆಯಲಿ.